ಐಸಿಯುನಲ್ಲಿ ಕರಗಿದ ಮಾಂಸಖಂಡ ಗಂಜಿಯಿಂದ ಮರಳುವುದಿಲ್ಲ

ಮಂಡ್ಯ, ಮೈಸೂರು ಕಡೆ ಯಾರನ್ನಾದರೂ ಆಸ್ಪತ್ರೆಗೆ ಸೇರಿಸಿದರೆ ಮನೆಯವರು ಮೊದಲು ಕೇಳುವ ಮಾತುಗಳಲ್ಲಿ ಒಂದು, ‘ಗ್ಲೂಕೋಸ್ ಹಾಕಿದೀರಾ ಸರ್?’ ಬಾಟಲಿ ತೂಗುತ್ತಿದ್ದರೆ ಹೊಟ್ಟೆಗೆ ಏನೋ ಹೋಗುತ್ತಿದೆ ಎಂಬ ಸಮಾಧಾನ. ಲೆಕ್ಕ ಹಾಕಿದರೆ ಈ ಸಮಾಧಾನ ಉಳಿಯುವುದಿಲ್ಲ. ಶೇ 5ರ ಡೆಕ್ಸ್‌ಟ್ರೋಸ್ ಇರುವ 500 ಮಿ.ಲೀ. ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ. ಅದರಿಂದ ಸಿಗುವುದು ಸುಮಾರು 85 ಕ್ಯಾಲರಿ. ನೂರು ಗ್ರಾಂ ಹಿಟ್ಟಿನ ಒಂದು ರಾಗಿ ಮುದ್ದೆ 320 ಕ್ಯಾಲರಿ ಕೊಡುತ್ತದೆ. ಅಂದರೆ ಮೂರು ಬಾಟಲಿ ಏರಿಸಿದರೂ ಒಂದು ಮುದ್ದೆಗೆ ಸಮವಾಗುವುದಿಲ್ಲ. ಪ್ರೋಟೀನ್ ಅಂತೂ ಸೊನ್ನೆ. ಡ್ರಿಪ್ ಇರುವುದು ನೀರಿಗೆ, ಉಪ್ಪಿಗೆ, ಔಷಧಿ ಕೊಡುವ ದಾರಿಗೆ. ಅದು ಊಟವಲ್ಲ.

ಈ ಲೆಕ್ಕ ಏಕೆ ಮುಖ್ಯವೆಂದರೆ, ಗಂಭೀರ ಕಾಯಿಲೆಯಲ್ಲಿ ಮೈ ಕರಗುವ ವೇಗ ಬರೀ ಉಪವಾಸದಲ್ಲಿ ಕರಗುವ ವೇಗದಂತಿರುವುದಿಲ್ಲ. ಬ್ರಿಟನ್ನಿನ ಐಸಿಯುಗಳಲ್ಲಿ ರೋಗಿಗಳ ತೊಡೆಯ ಮುಂಭಾಗದ ಸ್ನಾಯುವನ್ನು ಅಲ್ಟ್ರಾಸೌಂಡಿನಲ್ಲಿ ಅಳೆದ ಒಂದು ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಹತ್ತೇ ದಿನದಲ್ಲಿ ಆ ಸ್ನಾಯುವಿನ ಅಡ್ಡಳತೆಯ ವಿಸ್ತೀರ್ಣ ಸರಾಸರಿ ಶೇ 17.7ರಷ್ಟು ಕುಗ್ಗಿತ್ತು. ಒಂದೇ ಅಂಗ ಕೈಕೊಟ್ಟವರಿಗಿಂತ ಹಲವು ಅಂಗ ಕೈಕೊಟ್ಟವರಲ್ಲಿ ನಷ್ಟ ಹಲವು ಪಟ್ಟು ಹೆಚ್ಚು. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯ ಗತಿ ಇನ್ನೂ ಕಷ್ಟದ್ದು. 18ರಿಂದ 69 ಗಂಟೆ ವೆಂಟಿಲೇಟರೇ ಪೂರ್ತಿ ಉಸಿರಾಡಿಸಿದವರ ವಪೆಯ ಎಳೆಗಳು ಅರ್ಧಕ್ಕಿಂತ ಹೆಚ್ಚು ಸಣ್ಣಗಾಗಿದ್ದನ್ನು 2008ರಲ್ಲೇ ವರದಿ ಮಾಡಲಾಗಿತ್ತು. ‘ಶ್ವಾಸಕೋಶ ಸರಿಯಾಗಿದೆ, ಆದರೂ ಮೆಷಿನ್ ತೆಗೆಯೋಕಾಗ್ತಿಲ್ಲ’ ಎಂದು ಡಾಕ್ಟರ್ ಹೇಳುವುದರ ಹಿಂದೆ ಬಹಳ ಸಲ ಇದೇ ಕಾರಣ ಇರುತ್ತದೆ.

ಹಾಗಾದರೆ ಮೊದಲ ದಿನದಿಂದಲೇ ಚೆನ್ನಾಗಿ ತಿನ್ನಿಸಿಬಿಟ್ಟರೆ ಆಯಿತಲ್ಲ? ಇಲ್ಲಿಯೇ ಕಳೆದ ಕೆಲವು ವರ್ಷಗಳಲ್ಲಿ ತಿಳಿವಳಿಕೆ ತಿರುವು ಪಡೆದಿದೆ. ಮೊದಲ ವಾರದ ಕರಗುವಿಕೆಯನ್ನು ಆಹಾರ ತುರುಕಿ ತಡೆಯಲಾಗದು, ಅತಿಯಾದರೆ ಕೆಡುಕೇ ಹೆಚ್ಚು ಎಂಬುದು ಈಗ ಬಹುಮಟ್ಟಿಗೆ ಸ್ಪಷ್ಟ. ನಾವು ತಡೆಯಬಹುದಾದ ನಷ್ಟ ಇರುವುದು ಅದರ ನಂತರ, ವಾರ್ಡಿನಲ್ಲಿ ಮತ್ತು ಮನೆಗೆ ಬಂದ ಮೇಲಿನ ಎರಡು ಮೂರು ತಿಂಗಳಲ್ಲಿ. ದುರದೃಷ್ಟಕ್ಕೆ ನಮ್ಮ ಕಡೆ ರೋಗಿಗೆ ಅತಿ ಕಡಿಮೆ ಪ್ರೋಟೀನ್ ಸಿಗುವುದು ಆ ಅವಧಿಯಲ್ಲೇ.

ಮೈ ತನ್ನನ್ನೇ ಖರ್ಚು ಮಾಡುವ ದಿನಗಳು

ಗ್ಲಾಸ್ಗೋದ ವಿಜ್ಞಾನಿ ಡೇವಿಡ್ ಕತ್‌ಬರ್ಟ್‌ಸನ್ 1930ರ ದಶಕದಲ್ಲಿ ಕಾಲು ಮುರಿದವರ ಮೂತ್ರದಲ್ಲಿ ಸಾರಜನಕ ಎಷ್ಟು ಹೋಗುತ್ತದೆ ಎಂದು ಅಳೆದರು. ಮುರಿದದ್ದು ಒಂದು ಮೂಳೆ, ಪ್ರೋಟೀನ್ ಕಳೆದುಕೊಂಡದ್ದು ಇಡೀ ದೇಹ. ಆ ಲೆಕ್ಕ ಈಗಲೂ ಬಳಕೆಯಲ್ಲಿದೆ. ಒಂದು ಗ್ರಾಂ ಸಾರಜನಕ ಹೋದರೆ 6.25 ಗ್ರಾಂ ಪ್ರೋಟೀನ್ ಹೋದಂತೆ, ಅಂದರೆ ಸುಮಾರು 30 ಗ್ರಾಂ ಹಸಿ ಮಾಂಸಖಂಡ. ಬರುವುದಕ್ಕಿಂತ ಹೋಗುವುದು ದಿನಕ್ಕೆ 10 ಗ್ರಾಂ ಹೆಚ್ಚಾದರೆ ದಿನಕ್ಕೆ 300 ಗ್ರಾಂ ಮಾಂಸಖಂಡ ಖರ್ಚು.

ದೇಹ ಹೀಗೇಕೆ ಮಾಡುತ್ತದೆ? ಸೋಂಕು ರಕ್ತಕ್ಕೆ ಏರಿದಾಗ, ಹೈವೇ ಅಪಘಾತದಲ್ಲಿ ಮೈ ಜಜ್ಜಿದಾಗ, ಸುಟ್ಟಾಗ ಕಾರ್ಟಿಸಾಲ್, ಅಡ್ರಿನಲಿನ್ ಮತ್ತು ಉರಿಯೂತದ ರಾಸಾಯನಿಕಗಳು ಒಟ್ಟಿಗೆ ಏರುತ್ತವೆ. ಯಕೃತ್ತಿಗೆ ರಕ್ಷಣಾ ಪ್ರೋಟೀನುಗಳನ್ನು ತಯಾರಿಸಲು, ರೋಗನಿರೋಧಕ ಕೋಶಗಳು ಬೆಳೆಯಲು, ಮೆದುಳಿಗೆ ಗ್ಲೂಕೋಸ್ ಒದಗಿಸಲು ಅಮೈನೋ ಆಮ್ಲ ಬೇಕು. ಅದರ ದೊಡ್ಡ ದಾಸ್ತಾನು ಇರುವುದು ಮಾಂಸಖಂಡದಲ್ಲಿ. ಜೊತೆಗೆ ಇನ್ಸುಲಿನ್ ಮಾತು ಸ್ನಾಯು ಕೇಳುವುದಿಲ್ಲ. ಆಹಾರ ಕೊಟ್ಟರೂ ಯಕೃತ್ತು ತನ್ನ ಪಾಡಿಗೆ ಗ್ಲೂಕೋಸ್ ತಯಾರಿಸುತ್ತಲೇ ಇರುತ್ತದೆ. ಬಡಕಲು ಉಪವಾಸಿಗೂ ಐಸಿಯು ರೋಗಿಗೂ ಇರುವ ವ್ಯತ್ಯಾಸ ಇದೇ. ಉಪವಾಸಿಗೆ ಊಟ ಕೊಟ್ಟೊಡನೆ ಒಳಗಿನ ಉತ್ಪಾದನೆ ತಗ್ಗುತ್ತದೆ, ಇವರಲ್ಲಿ ತಗ್ಗುವುದಿಲ್ಲ. ಹೊರಗಿನದು ಒಳಗಿನದರ ಮೇಲೆ ಕೂಡಿಕೊಂಡು ಸಕ್ಕರೆ ಏರುತ್ತದೆ, ಪ್ರೋಟೀನ್ ಸ್ನಾಯುವಿಗೆ ಸೇರದೆ ಯೂರಿಯಾ ಆಗುತ್ತದೆ.

ಇದಕ್ಕೆ ಮಲಗಿದಲ್ಲೇ ಮಲಗಿರುವುದು ಸೇರುತ್ತದೆ. ಕಾಯಿಲೆಯೇ ಇಲ್ಲದ ವಯಸ್ಸಾದವರನ್ನು ಹತ್ತು ದಿನ ಹಾಸಿಗೆಯಲ್ಲಿ ಮಲಗಿಸಿದ ಒಂದು ಪ್ರಯೋಗದಲ್ಲಿ ಕಾಲಿನಿಂದಲೇ ಸುಮಾರು ಒಂದು ಕಿಲೋ ಸ್ನಾಯು ಹೋಗಿತ್ತು. ಇನ್ನು ಸ್ಟೀರಾಯ್ಡ್, ಸ್ನಾಯು ಸಡಿಲಿಸುವ ಇಂಜೆಕ್ಷನ್, ಹತೋಟಿಗೆ ಬಾರದ ಸಕ್ಕರೆ ಕೂಡಿದರೆ ಹೇಳುವುದೇ ಬೇಡ.

ಈ ನಷ್ಟ ಕಣ್ಣಿಗೆ ಕಾಣದಿರಲು ಒಂದು ಕಾರಣವಿದೆ. ಮೊದಲ ವಾರದಲ್ಲಿ ರೋಗಿಯ ಮೈಯಲ್ಲಿ ಲೀಟರುಗಟ್ಟಲೆ ನೀರು ನಿಂತಿರುತ್ತದೆ. ಮುಖ ಉಬ್ಬಿರುತ್ತದೆ, ತೂಕ ಏರಿರುತ್ತದೆ. ‘ಇಲ್ಲಿಗೆ ಬಂದ್ಮೇಲೆ ದಪ್ಪಗಾಗವ್ರೆ’ ಎಂದು ನೋಡಲು ಬಂದವರು ಹೇಳುವುದೂ ಉಂಟು. ಊತ ಇಳಿದಾಗಲೇ ಭುಜದ ಮೂಳೆ, ತೊಡೆಯ ಸಂದು ಕಾಣುವುದು. ಹೀಗಾಗಿ ಆಹಾರದ ಲೆಕ್ಕವನ್ನು ಊದಿದ ತೂಕದ ಮೇಲೆ ಹಾಕಬಾರದು. ಕಾಯಿಲೆಗೆ ಮುಂಚೆ ಎಷ್ಟಿದ್ದರು ಎಂಬುದನ್ನು ಮನೆಯವರೇ ಹೇಳಬೇಕು. ಗೊತ್ತಿಲ್ಲದಿದ್ದರೆ ಎತ್ತರ ಅಳೆದು ಅಂದಾಜಿಸುತ್ತಾರೆ.

ಮೊದಲ ವಾರ: ನಿಧಾನವೇ ಸರಿ

2023ರಲ್ಲಿ ಎರಡು ದೊಡ್ಡ ಪ್ರಯೋಗಗಳ ಫಲಿತಾಂಶ ಬಂತು. ಎಫರ್ಟ್ ಪ್ರೋಟೀನ್ ಎಂಬ ಪ್ರಯೋಗದಲ್ಲಿ ಹಲವು ದೇಶಗಳ ಸುಮಾರು 1,300 ವೆಂಟಿಲೇಟರ್ ರೋಗಿಗಳಲ್ಲಿ ಒಂದು ಗುಂಪಿಗೆ ಪ್ರತಿ ಕಿಲೋ ತೂಕಕ್ಕೆ ದಿನಕ್ಕೆ 2.2 ಗ್ರಾಂ ಅಥವಾ ಹೆಚ್ಚು, ಇನ್ನೊಂದಕ್ಕೆ 1.2 ಗ್ರಾಂ ಅಥವಾ ಕಡಿಮೆ ಪ್ರೋಟೀನ್ ಗುರಿ ಇಡಲಾಯಿತು. ಹೆಚ್ಚು ಕೊಟ್ಟವರು ಬೇಗ ಮನೆಗೆ ಹೋಗಲಿಲ್ಲ. ಮೂತ್ರಪಿಂಡ ಕೈಕೊಟ್ಟವರಲ್ಲಿ ಮತ್ತು ತೀರಾ ಹದಗೆಟ್ಟವರಲ್ಲಿ ಹೆಚ್ಚಿನ ಪ್ರೋಟೀನ್ ಹಾನಿಯನ್ನೇ ತೋರಿತು. ಫ್ರಾನ್ಸಿನ ನ್ಯೂಟ್ರಿರಿಯಾ-3 ಪ್ರಯೋಗ ಇನ್ನೂ ಮುಂದೆ ಹೋಯಿತು. ವೆಂಟಿಲೇಟರ್ ಮೇಲಿದ್ದು, ಕುಸಿದ ಬಿಪಿ ಏರಿಸುವ ಔಷಧಿ ನಡೆಯುತ್ತಿದ್ದ 3,000ಕ್ಕೂ ಹೆಚ್ಚು ಜನರಿಗೆ ಮೊದಲ ವಾರ ಕಿಲೋಗೆ ಬರೀ 6 ಕ್ಯಾಲರಿ, ಇಲ್ಲವೇ ವಾಡಿಕೆಯ 25 ಕ್ಯಾಲರಿ. ಸಾವಿನಲ್ಲಿ ವ್ಯತ್ಯಾಸ ಕಾಣಲಿಲ್ಲ, ಕಡಿಮೆ ಕೊಟ್ಟವರು ಸ್ವಲ್ಪ ಬೇಗ ಚೇತರಿಸಿಕೊಂಡರು, ವಾಂತಿ-ಭೇದಿಯೂ ಕಡಿಮೆ. 2024ರ ಪ್ರಿಸೈಸ್ ಪ್ರಯೋಗದಲ್ಲಿ ಕಿಲೋಗೆ 2 ಗ್ರಾಂ ಪಡೆದವರ ಮುಂದಿನ ತಿಂಗಳುಗಳ ಬದುಕಿನ ಗುಣಮಟ್ಟ 1.3 ಗ್ರಾಂ ಪಡೆದವರಿಗಿಂತ ಕೆಳಗಿತ್ತು.

ಇದನ್ನು ಓದಿ ‘ಸದ್ಯ, ಊಟವೇ ಬೇಡ’ ಎಂದುಕೊಂಡರೆ ತಪ್ಪಾಗುತ್ತದೆ. ಕರುಳಿಗೆ ಸ್ವಲ್ಪವಾದರೂ ಆಹಾರ ಬೇಕು, ಇಲ್ಲದಿದ್ದರೆ ಅದರ ಒಳಪದರ ತೆಳುವಾಗುತ್ತದೆ. ಹೀಗಾಗಿ ಬಿಪಿ ಹಿಡಿತಕ್ಕೆ ಬಂದವರಿಗೆ 48 ಗಂಟೆಯೊಳಗೆ ಮೂಗಿನ ನಳಿಕೆಯಲ್ಲಿ ಗಂಟೆಗೆ 10–20 ಮಿ.ಲೀ. ಶುರು ಮಾಡಿ, ಮೂರನೆಯ ದಿನದವರೆಗೆ ಲೆಕ್ಕದ ಶೇ 70ನ್ನು ದಾಟಿಸದೆ, ವಾರದ ಹೊತ್ತಿಗೆ ಕಿಲೋಗೆ 20–25 ಕ್ಯಾಲರಿ, 1.2–1.3 ಗ್ರಾಂ ಪ್ರೋಟೀನ್ ಮುಟ್ಟಿಸುವುದು ಈಗ ಒಪ್ಪಿತವಾದ ನಡೆ. ಶಾಕ್ (ಬಿಪಿ ತೀರಾ ಕುಸಿದ ಸ್ಥಿತಿ) ಹತೋಟಿಗೆ ಬಾರದಿದ್ದರೆ, ಕರುಳಿಗೆ ರಕ್ತ ಹೋಗದಿದ್ದರೆ, ಕರುಳು ಕಟ್ಟಿದ್ದರೆ ಕಾಯಲೇಬೇಕು. ನಿದ್ರೆಗೆ ಕೊಡುವ ಪ್ರೊಪೊಫೋಲ್ ಕೊಬ್ಬಿನಲ್ಲಿ ಕಲಸಿದ ಔಷಧಿ, ಮಿ.ಲೀ.ಗೆ 1.1 ಕ್ಯಾಲರಿ. ಗಂಟೆಗೆ 10 ಮಿ.ಲೀ. ಓಡುತ್ತಿದ್ದರೆ ದಿನಕ್ಕೆ 260 ಕ್ಯಾಲರಿ ಸದ್ದಿಲ್ಲದೆ ಒಳಗೆ ಹೋಗಿರುತ್ತದೆ. ಇದನ್ನು ಲೆಕ್ಕದಲ್ಲಿ ಕಳೆಯುವುದನ್ನು ಮರೆಯುವವರೇ ಜಾಸ್ತಿ.

ಒಂದು ವಾರದ ನಂತರ ತೊಂದರೆ ತಿರುಗಿ ನಿಲ್ಲುತ್ತದೆ. ಈಗ ಕೊಡಬೇಕು, ಕೊಡಲಾಗುತ್ತಿಲ್ಲ. ಬೇರೆ ಬೇರೆ ದೇಶಗಳ ಐಸಿಯುಗಳ ಸಮೀಕ್ಷೆಯಲ್ಲಿ ಬರೆದಿಟ್ಟ ಆಹಾರದಲ್ಲಿ ರೋಗಿಗೆ ತಲುಪುತ್ತಿದ್ದುದು ಸುಮಾರು ಶೇ 60. ಉಳಿದದ್ದು ಎಲ್ಲಿ ಹೋಯಿತು? ಸ್ಕ್ಯಾನಿಗೆ ಕರೆದೊಯ್ಯಲು ಫೀಡ್, ಅಂದರೆ ನಳಿಕೆಯ ಆಹಾರ, ನಿಲ್ಲಿಸಿದರು, ವಾಪಸ್ ಬಂದ ಮೇಲೆ ಶುರು ಮಾಡಲಿಲ್ಲ. ಉಸಿರಾಟದ ಟ್ಯೂಬ್ ತೆಗೆಯಬಹುದೆಂದು ಬೆಳಗ್ಗೆಯಿಂದ ಖಾಲಿ ಹೊಟ್ಟೆ, ಸಂಜೆ ನಾಳೆ ನೋಡೋಣ ಎಂದಾಯಿತು. ನಳಿಕೆಯಲ್ಲಿ ಎಳೆದಾಗ ಹೊಟ್ಟೆಯಿಂದ 150 ಮಿ.ಲೀ. ವಾಪಸ್ ಬಂತೆಂದು ಒಂದು ಹೊತ್ತು ಬಿಟ್ಟರು. ವಾಂತಿ, ಹೊಟ್ಟೆ ಉಬ್ಬರ ಇಲ್ಲದಿದ್ದರೆ 500 ಮಿ.ಲೀ.ಗಿಂತ ಕಡಿಮೆ ವಾಪಸ್ ಬಂದದ್ದಕ್ಕೆ ಫೀಡ್ ನಿಲ್ಲಿಸಬೇಕಿಲ್ಲ. ತಪ್ಪಿಹೋದ ಫೀಡನ್ನು ಉಳಿದ ಗಂಟೆಗಳಿಗೆ ಹಂಚಿ ತುಂಬಿಸುವ ಪದ್ಧತಿ ಇಟ್ಟುಕೊಂಡರೆ ದಿನದ ಮೊತ್ತ ಕೆಡುವುದಿಲ್ಲ.

ಫಾಸ್ಫೇಟ್ ನೋಡಿದ್ದೀರಾ?

ಬಹಳ ದಿನ ಏನೂ ತಿನ್ನದವರು, ಕುಡಿತಕ್ಕೆ ಬಿದ್ದು ಊಟ ಬಿಟ್ಟವರು, ಗಂಟಲು-ಅನ್ನನಾಳದ ಕ್ಯಾನ್ಸರಿನಿಂದ ಸೊರಗಿದವರು ಆಸ್ಪತ್ರೆಗೆ ಬಂದಾಗ ಅನುಕಂಪದಿಂದಲೇ ಅಪಾಯ ಆಗುವ ಸಾಧ್ಯತೆ ಇದೆ. ಒಮ್ಮೆಲೇ ಸಕ್ಕರೆ, ಗಂಜಿ, ಫೀಡ್ ಹೋದರೆ ಇನ್ಸುಲಿನ್ ಏರಿ ರಕ್ತದಲ್ಲಿರುವ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ಎಲ್ಲ ಕೋಶಗಳ ಒಳಗೆ ಸೇರಿಕೊಳ್ಳುತ್ತವೆ. ಎರಡರಿಂದ ಐದು ದಿನದೊಳಗೆ ಹೃದಯದ ಬಡಿತ ತಪ್ಪುವುದು, ಉಸಿರಾಟದ ಸ್ನಾಯು ಸೋಲುವುದು, ಮಂಕು ಕವಿಯುವುದು. ಎರಡನೇ ಮಹಾಯುದ್ಧದ ಸೆರೆಯಾಳುಗಳು ಬಿಡುಗಡೆಯಾಗಿ ಹೊಟ್ಟೆತುಂಬ ತಿಂದ ಮೇಲೆ ಸತ್ತದ್ದನ್ನು ನೋಡಿ ವೈದ್ಯರು ಇದನ್ನು ಗುರುತಿಸಿದ್ದು.

ನಮ್ಮಲ್ಲಿ ಎಲೆಕ್ಟ್ರೋಲೈಟ್ಸ್ ಎಂದು ಬರೆದರೆ ಲ್ಯಾಬಿನಿಂದ ಬರುವುದು ಸಾಮಾನ್ಯವಾಗಿ ಸೋಡಿಯಂ, ಪೊಟ್ಯಾಸಿಯಂ, ಕ್ಲೋರೈಡ್. ಫಾಸ್ಫೇಟನ್ನು ಬೇರೆಯಾಗಿ ಬರೆಯಬೇಕು. ಹತ್ತು ದಿನಕ್ಕಿಂತ ಹೆಚ್ಚು ಕಾಲ ಏನೂ ತಿನ್ನದವರಿಗೆ ಮೊದಲು ಥಯಾಮಿನ್ (ವಿಟಮಿನ್ ಬಿ1) ದಿನಕ್ಕೆ 200–300 ಮಿ.ಗ್ರಾಂ., ಆಮೇಲೆ ಕಿಲೋಗೆ 10 ಕ್ಯಾಲರಿಯಿಂದ ಆರಂಭ (ತೀರಾ ಬಡಕಲಾದವರಿಗೆ 5), ನಾಲ್ಕರಿಂದ ಏಳು ದಿನದಲ್ಲಿ ಏರಿಕೆ. ಫೀಡ್ ಶುರುವಾದ 72 ಗಂಟೆಯೊಳಗೆ ಫಾಸ್ಫೇಟ್ ಡೆಸಿಲೀಟರಿಗೆ 2 ಮಿ.ಗ್ರಾಂ.ಗಿಂತ ಕೆಳಗಿಳಿದರೆ ಫಾಸ್ಫೇಟ್ ತುಂಬಿಸುವುದರ ಜೊತೆ ಆಹಾರವನ್ನೂ ಎರಡು ದಿನ ಹಿಂತೆಗೆಯಬೇಕು. ಥಯಾಮಿನ್ ಕೊಡದೆ ಗ್ಲೂಕೋಸ್ ಏರಿಸುವುದು ಕುಡಿತದವರಲ್ಲಿ ಮೆದುಳಿಗೆ ಶಾಶ್ವತ ಪೆಟ್ಟು ಕೊಡಬಹುದು. ‘ಗ್ಲೂಕೋಸ್ ಹಾಕಿ’ ಎಂಬ ಒತ್ತಾಯಕ್ಕೆ ಇನ್ನೊಂದು ಉತ್ತರ ಇದು.

ರಕ್ತದಲ್ಲಿರುವ ಅಲ್ಬುಮಿನ್ ಎಂಬ ಪ್ರೋಟೀನಿನ ವಿಚಾರವನ್ನೂ ಇಲ್ಲೇ ಹೇಳಿಬಿಡಬಹುದು. ರಿಪೋರ್ಟಿನಲ್ಲಿ ಅಲ್ಬುಮಿನ್ ಕಡಿಮೆ ಎಂದು ಕಂಡ ತಕ್ಷಣ ‘ಪ್ರೋಟೀನ್ ಕಮ್ಮಿ’ ಎಂದು ಸಾವಿರಾರು ರೂಪಾಯಿಯ ಬಾಟಲಿ ತರುವ ಮನೆಗಳಿವೆ. ಸೋಂಕಿನಲ್ಲಿ ಅಲ್ಬುಮಿನ್ ಇಳಿಯುವುದು ಉರಿಯೂತದಿಂದ, ಅದು ಊಟದ ಅಳತೆಗೋಲಲ್ಲ. ಬಾಟಲಿಯ ಅಲ್ಬುಮಿನ್‌ಗೆ ತನ್ನದೇ ಉಪಯೋಗಗಳಿವೆ. ಯಕೃತ್ತಿನ ಕಾಯಿಲೆಯಲ್ಲಿ ಹೊಟ್ಟೆಯ ನೀರನ್ನು ಹೆಚ್ಚಾಗಿ ತೆಗೆದಾಗ ಅದು ಬೇಕು. ಮಾಂಸಖಂಡವನ್ನು ಮಾತ್ರ ಅದು ಕಟ್ಟುವುದಿಲ್ಲ.

ನಂಜು, ಕಿಡ್ನಿ, ಲಿವರ್

ಆಪರೇಷನ್ ಆದವರಿಗೆ ನಮ್ಮ ಕಡೆ ಮೊಟ್ಟೆ, ಮೀನು, ಕೋಳಿ, ತೊಗರಿಬೇಳೆ, ಅವರೆಕಾಳು ‘ನಂಜು’. ಹೊಲಿಗೆ ಕೀವು ಕಟ್ಟುತ್ತದೆ ಎಂಬ ಹೆದರಿಕೆ. ಪಟ್ಟಿ ನೋಡಿ: ಬಿಡಿಸುವುದೆಲ್ಲ ಪ್ರೋಟೀನ್, ಉಳಿಯುವುದು ಅನ್ನ, ತಿಳಿಸಾರು, ಬ್ರೆಡ್ಡು. ಗಾಯ ಕೂಡಲು ಬೇಕಾದ ಸರಕನ್ನೇ ಬಿಡಿಸಿ ಗಾಯ ಕೂಡುತ್ತಿಲ್ಲ ಎಂದು ಕೊರಗುವುದಾಗುತ್ತದೆ. ಕೀವು ಬರುವುದು ಬ್ಯಾಕ್ಟೀರಿಯಾದಿಂದ, ಏರಿದ ಸಕ್ಕರೆಯಿಂದ, ಕೊಳೆ ಬ್ಯಾಂಡೇಜಿನಿಂದ. ಅಲರ್ಜಿ ಇಲ್ಲದವರಿಗೆ ಮೊಟ್ಟೆಯಿಂದ ಬರುವುದಿಲ್ಲ. ಮನೆಯ ಅಜ್ಜಿಯ ಜೊತೆ ಇದರ ಬಗ್ಗೆ ವಾದ ಮಾಡಿ ಗೆಲ್ಲುವುದು ಕಷ್ಟ. ಹೆಸರುಬೇಳೆ, ಹಾಲು, ಮೊಸರನ್ನು ನಂಜು ಅನ್ನುವವರು ಕಡಿಮೆ, ಅಲ್ಲಿಂದ ಶುರು ಮಾಡುವುದು ಜಾಣತನ.

ಡಯಾಲಿಸಿಸ್ ನಡೆಯುತ್ತಿರುವವರಿಗೂ ‘ಬೇಳೆ ಬೇಡ’ ಎಂದು ನಿಲ್ಲಿಸುವುದು ಇನ್ನೊಂದು ಹಳೆಯ ತಪ್ಪು. ಡಯಾಲಿಸಿಸ್ ಶುರುವಾಗದ ಕಿಡ್ನಿ ರೋಗಿಗೆ ಹೇಳಿದ ಪಥ್ಯವದು. ಪ್ರತಿ ಸಲದ ಡಯಾಲಿಸಿಸ್‌ನಲ್ಲಿ 6ರಿಂದ 12 ಗ್ರಾಂ ಅಮೈನೋ ಆಮ್ಲ ಯಂತ್ರದ ನೀರಿನಲ್ಲಿ ತೊಳೆದುಹೋಗುತ್ತದೆ. ಅವರಿಗೆ ಕಿಲೋಗೆ 1ರಿಂದ 1.2 ಗ್ರಾಂ ಪ್ರೋಟೀನ್ ಬೇಕು. ಕಡಿಮೆ ಮಾಡಬೇಕಾದದ್ದು ಉಪ್ಪು, ನೀರು, ಪೊಟ್ಯಾಸಿಯಂ. ಆ ಕಾರಣಕ್ಕೇ ಮದ್ದೂರಿನ ಎಳನೀರು ಇವರಿಗೆ ತರಬಾರದು. ಒಂದು ಬುರುಡೆಯಲ್ಲಿ 600 ಮಿ.ಗ್ರಾಂ. ಆಸುಪಾಸು ಪೊಟ್ಯಾಸಿಯಂ ಇರುತ್ತದೆ, ಹೃದಯ ನಿಲ್ಲಿಸುವಷ್ಟು ಏರಲು ಎರಡು ಮೂರು ಸಾಕಾಗಬಹುದು. ಕಿಡ್ನಿ ಚೆನ್ನಾಗಿರುವವರಿಗೂ ಎಳನೀರು ಬಾಯಾರಿಕೆಗೆ ಒಳ್ಳೆಯದೇ ಹೊರತು ಪೋಷಣೆಗಲ್ಲ, 60 ಕ್ಯಾಲರಿ ಸಿಕ್ಕರೆ ಹೆಚ್ಚು.

ಲಿವರ್ ಸಿರೋಸಿಸ್‌ನಲ್ಲಿ ಮಂಪರು ಬಂದವರಿಗೆ ಪ್ರೋಟೀನ್ ನಿಲ್ಲಿಸುವ ಪದ್ಧತಿಯನ್ನೂ ಕೈಬಿಟ್ಟು ಬಹಳ ಕಾಲವಾಯಿತು. ಅಮೋನಿಯಾವನ್ನು ಅರಗಿಸುವ ಕೆಲಸವನ್ನು ಕೆಟ್ಟ ಲಿವರಿನ ಬದಲು ಸ್ವಲ್ಪಮಟ್ಟಿಗೆ ಮಾಂಸಖಂಡವೇ ಮಾಡುತ್ತಿರುತ್ತದೆ, ಅದನ್ನು ಕರಗಿಸಿದರೆ ಮಂಪರು ಹೆಚ್ಚುತ್ತದೆ. ಇವರಿಗೆ ಬೇಕಾದದ್ದು ಕಿಲೋಗೆ 1.2–1.5 ಗ್ರಾಂ ಪ್ರೋಟೀನ್, ಮಲಗುವ ಮುನ್ನ 50 ಗ್ರಾಂ ಪಿಷ್ಟ ಸಿಗುವಷ್ಟು ತಿಂಡಿ. ರಾತ್ರಿ ಊಟದಿಂದ ಬೆಳಗಿನ ಕಾಫಿವರೆಗಿನ ಹನ್ನೆರಡು ಗಂಟೆಯ ಉಪವಾಸ ಇವರ ಮೈಗೆ ಎರಡು ಮೂರು ದಿನದ ಉಪವಾಸದಂತೆ ತಾಗುತ್ತದೆ.

ಕಾಲ್ ಸೂಪಿನ ಬಗ್ಗೆಯೂ ಒಂದು ಮಾತು. ಮೂಳೆ ಮುರಿದವರಿಗೆ ಮೇಕೆ ಕಾಲಿನ ಸೂಪು ಕೊಡದ ಮನೆ ಮಂಡ್ಯದಲ್ಲಿ ಕಡಿಮೆ. ಬಾಯಿಗೆ ರುಚಿ, ಹಸಿವು ಹುಟ್ಟಿಸುತ್ತದೆ, ಕೊಡಲಿ. ಆದರೆ ಅದರಲ್ಲಿರುವ ಪ್ರೋಟೀನ್ ಹೆಚ್ಚಿನದು ಜೆಲಾಟಿನ್, ಅದರಲ್ಲಿ ಟ್ರಿಪ್ಟೊಫಾನ್ ಎಂಬ ಅಗತ್ಯ ಅಮೈನೋ ಆಮ್ಲವೇ ಇಲ್ಲ. ಸೂಪು ಕುಡಿಸಿ ಮಾಂಸದ ತುಂಡನ್ನು ಮನೆಯವರು ತಿಂದರೆ ಪ್ರಯೋಜನ ಮನೆಯವರಿಗೇ.

ನಳಿಕೆಯೊಂದಿಗೆ ಮನೆಗೆ ಬಂದಾಗ

ಸ್ಟ್ರೋಕ್, ತಲೆಪೆಟ್ಟು ಆದವರನ್ನು ರೈಲ್ಸ್ ಟ್ಯೂಬ್ (ಮೂಗಿನಿಂದ ಹೊಟ್ಟೆಗೆ ಇಳಿಸಿದ ನಳಿಕೆ) ಸಮೇತ ಡಿಸ್ಚಾರ್ಜ್ ಮಾಡುವುದು ಈಗ ಸಾಮಾನ್ಯ. ‘ಎರಡು ಗಂಟೆಗೊಮ್ಮೆ 200 ಎಂಎಲ್ ಕೊಡಿ’ ಎಂದಷ್ಟೇ ಚೀಟಿಯಲ್ಲಿರುತ್ತದೆ. ಏನನ್ನು 200 ಎಂಎಲ್ ಎಂಬುದೇ ಪ್ರಶ್ನೆ. ಸೋಸಿದ ಗಂಜಿ ನೀರಾದರೆ ಎಂಟು ಸಲ ಕೊಟ್ಟರೂ ಹತ್ತು ಗ್ರಾಂ ಪ್ರೋಟೀನ್ ದಾಟುವುದಿಲ್ಲ.

ಕಿಡ್ನಿ ಸರಿಯಾಗಿರುವ, 60 ಕಿಲೋ ತೂಕದ ಒಬ್ಬರಿಗೆ ಒಂದು ದಿನದ ಅಳತೆ ಹೀಗಿರಬಹುದು: ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲು ಒಂದು ಲೀಟರ್, ಕೆನೆ ತೆಗೆದ ಹಾಲಿನ ಪುಡಿ 50 ಗ್ರಾಂ, ಹೆಸರುಬೇಳೆ 40 ಗ್ರಾಂ, ಮೊಳಕೆ ರಾಗಿ ಹಿಟ್ಟು 40 ಗ್ರಾಂ, ಚೆನ್ನಾಗಿ ಬೇಯಿಸಿದ ಎರಡು ಮೊಟ್ಟೆ, ಎಣ್ಣೆ 20 ಮಿ.ಲೀ., ಸಕ್ಕರೆ 30 ಗ್ರಾಂ, ಚಿಟಿಕೆ ಉಪ್ಪು. ಒಟ್ಟು ಸುಮಾರು 1,450 ಕ್ಯಾಲರಿ, 74 ಗ್ರಾಂ ಪ್ರೋಟೀನ್. ಈ ಪ್ರೋಟೀನಿನಲ್ಲಿ ಹಾಲು ಮತ್ತು ಹಾಲಿನ ಪುಡಿಯ ಪಾಲೇ ಮೂರರಲ್ಲಿ ಎರಡು ಭಾಗದಷ್ಟು. ಶುಗರ್ ಇದ್ದವರಿಗೆ ಸಕ್ಕರೆ ಬಿಟ್ಟು ಎಣ್ಣೆಯನ್ನು 30 ಮಿ.ಲೀ.ಗೆ ಏರಿಸಬಹುದು. ಮೊಟ್ಟೆ ಬೇಡದವರು ಹಾಲಿನ ಪುಡಿ 35 ಗ್ರಾಂ ಹೆಚ್ಚಿಸಬಹುದು. ಡಯಟೀಷಿಯನ್ ಒಮ್ಮೆ ನೋಡಿ ಒಪ್ಪಿದರೆ ಒಳ್ಳೆಯದು, ಕಿಡ್ನಿ-ಲಿವರ್ ತೊಂದರೆ ಇದ್ದರೆ ನೋಡಲೇಬೇಕು.

ಮೊಳಕೆ ರಾಗಿಯೇ ಏಕೆ? ಮಾಮೂಲಿ ರಾಗಿ ಹಿಟ್ಟನ್ನು ಬೇಯಿಸಿದರೆ ಪಿಷ್ಟ ನೀರು ಕುಡಿದು ಉಬ್ಬಿ ಗಟ್ಟಿಯಾಗುತ್ತದೆ, ನಳಿಕೆಯಲ್ಲಿ ಇಳಿಯುವಂತೆ ಮಾಡಲು ನೀರು ಸುರಿಯುತ್ತ ಹೋಗಬೇಕು. ಕೊನೆಗೆ ಲೋಟದ ತುಂಬ ನೀರು, ಹಿಟ್ಟು ಒಂದು ಚಮಚ. ರಾಗಿ ಮೊಳೆಯುವಾಗ ಅದರಲ್ಲಿ ಅಮೈಲೇಸ್ ಎಂಬ ಕಿಣ್ವ ಹುಟ್ಟುತ್ತದೆ. ಅದು ಪಿಷ್ಟದ ಸರಪಳಿಯನ್ನು ಕತ್ತರಿಸುವುದರಿಂದ ಅಷ್ಟೇ ಹಿಟ್ಟು ಹಾಕಿದರೂ ತೆಳ್ಳಗಿರುತ್ತದೆ. 1950ರಲ್ಲಿ ಶುರುವಾದ ಮೈಸೂರಿನ ಆಹಾರ ಸಂಶೋಧನಾ ಸಂಸ್ಥೆ ಸಿಎಫ್‌ಟಿಆರ್‌ಐನಲ್ಲಿ ಮೊಳಕೆ ರಾಗಿ ಮತ್ತು ಹೆಸರುಕಾಳಿನಿಂದ ಎಳೆ ಮಕ್ಕಳ ಆಹಾರ ರೂಪಿಸಿದ್ದು ಇದೇ ಗುಣವನ್ನು ನಂಬಿ. ಮಕ್ಕಳ ರಾಗಿ ಸರಿ ಮಾಡಲು ಗೊತ್ತಿರುವ ಮನೆಯಲ್ಲಿ ಇದು ಹೊಸ ವಿದ್ಯೆಯೇನಲ್ಲ: ರಾಗಿಯನ್ನು ಹತ್ತು ಹನ್ನೆರಡು ಗಂಟೆ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಎರಡು ದಿನ ಮೊಳಕೆ ಬರಿಸಿ, ಒಣಗಿಸಿ, ಮೊಳಕೆ ಉಜ್ಜಿ ತೂರಿ, ಹದವಾಗಿ ಬೆಚ್ಚಗೆ ಮಾಡಿ ಬೀಸಿ. ಘಮ್ಮೆನ್ನುವವರೆಗೆ ಹುರಿದರೆ ಕಿಣ್ವ ಸತ್ತುಹೋಗುತ್ತದೆ, ಹಿಟ್ಟು ಮತ್ತೆ ಗಟ್ಟಿಯಾಗುತ್ತದೆ. ಬಹಳ ಜನ ಕೆಡಿಸುವುದು ಇಲ್ಲೇ. ಹಿಟ್ಟನ್ನು ತಣ್ಣೀರಲ್ಲಿ ಕದಡಿ ಸಣ್ಣ ಉರಿಯಲ್ಲಿ ನಿಧಾನಕ್ಕೆ ಬಿಸಿ ಏರಿಸಿದರೆ 60–70 ಡಿಗ್ರಿಯಲ್ಲಿ ಕಿಣ್ವ ತನ್ನ ಕೆಲಸ ಮುಗಿಸುತ್ತದೆ. ಆಮೇಲೆ ಕುದಿಸಲೇಬೇಕು, ಮೊಳಕೆ ಕಾಳಿನಲ್ಲಿ ಕ್ರಿಮಿಗಳೂ ಬೆಳೆದಿರುತ್ತವೆ.

ಬೇಳೆಯನ್ನು ಕುಕ್ಕರಿನಲ್ಲಿ ಕರಗುವಂತೆ ಬೇಯಿಸಿ, ಎಲ್ಲವನ್ನೂ ಮಿಕ್ಸಿಗೆ ಹಾಕಿ, ಸಣ್ಣ ಕಣ್ಣಿನ ಜರಡಿಯಲ್ಲಿ ಎರಡು ಸಲ ಸೋಸಿ. ಒಟ್ಟು 1,600 ಮಿ.ಲೀ. ಆಗುವಷ್ಟು ಕುದಿಸಿ ಆರಿದ ನೀರು ಸೇರಿಸಿ. ಬೆಳಗ್ಗೆ ಅರ್ಧ, ಸಂಜೆ ಅರ್ಧ ಮಾಡುವುದು ಕ್ಷೇಮ. ಹೊರಗೆ ಎರಡು ಗಂಟೆಗಿಂತ ಹೆಚ್ಚು ಇಡಬಾರದು. ‘ಫೀಡ್ ಒಗ್ಗಲಿಲ್ಲ, ಭೇದಿ ಆಯ್ತು’ ಎಂಬ ದೂರಿನಲ್ಲಿ ಹೆಚ್ಚಿನವು ಬೇಸಿಗೆಯಲ್ಲಿ ಹೊರಗಿಟ್ಟ ಹಾಲಿನವು, ಇಲ್ಲವೇ ಆ್ಯಂಟಿಬಯಾಟಿಕ್ಕಿನವು, ಸಾರ್ಬಿಟಾಲ್ ಎಂಬ ಸಿಹಿಕಾರಕ ಇರುವ ಸಿರಪ್ಪಿನವು. ಇವು ಯಾವುವೂ ಅಲ್ಲವೆಂದಾದ ಮೇಲೆ ಹಾಲಿನ ಸಕ್ಕರೆ ಅರಗುತ್ತಿಲ್ಲವೇ ಎಂದು ನೋಡಬೇಕು, ಆಗ ಹಾಲಿನ ಬದಲು ಮೊಸರು ಕಡೆದು ಸೋಸಿ ಕೊಡಬಹುದು.

ಕೊಡುವ ಮೊದಲು ಮೂಗಿನ ಬಳಿ ನಳಿಕೆಯ ಗುರುತು ಜರುಗಿಲ್ಲ ಎಂದು ನೋಡಿ. ತಲೆಭಾಗ 30ರಿಂದ 45 ಡಿಗ್ರಿ ಎತ್ತರ, ಅಂದರೆ ಎರಡು ಮೂರು ಗಟ್ಟಿ ದಿಂಬು ಬೆನ್ನಿನಿಂದಲೇ ಕೊಡಬೇಕು. ಕತ್ತಿಗೆ ಮಾತ್ರ ಕೊಟ್ಟರೆ ಹೊಟ್ಟೆ ಮಡಿಸಿಕೊಂಡು ವಾಂತಿಗೆ ದಾರಿ. 50 ಮಿ.ಲೀ. ಸಿರಿಂಜಿನ ಪಿಸ್ಟನ್ ತೆಗೆದು, 30 ಮಿ.ಲೀ. ನೀರು ಬಿಟ್ಟು, ಆಮೇಲೆ ಫೀಡನ್ನು ತಾನಾಗಿ ಇಳಿಯುವಂತೆ 15–20 ನಿಮಿಷದಲ್ಲಿ ಬಿಡಿ, ಕೊನೆಗೆ ಮತ್ತೆ 30 ಮಿ.ಲೀ. ನೀರು. ಮುಗಿದ ಮೇಲೆ ಮುಕ್ಕಾಲು ಗಂಟೆ ಮಲಗಿಸಬಾರದು. ಮಾತ್ರೆಗಳನ್ನು ಫೀಡಿನಲ್ಲಿ ಕಲಸದೆ ಒಂದೊಂದಾಗಿ ನೀರಲ್ಲಿ ಕದಡಿ ಕೊಡಬೇಕು. ಎಸ್‌ಆರ್, ಎಕ್ಸ್‌ಆರ್ ಎಂದು ಬರೆದಿರುವ ಮಾತ್ರೆ ಪುಡಿ ಮಾಡಬಾರದು, ದಿನವಿಡೀ ಬಿಡುಗಡೆಯಾಗಬೇಕಾದ ಔಷಧಿ ಒಂದೇ ಏಟಿಗೆ ಒಳಗೆ ಹೋಗುತ್ತದೆ. ಫಿಟ್ಸ್‌ನ ಫೆನಿಟೋಯಿನ್ ಫೀಡಿನ ಜೊತೆ ಕೊಟ್ಟರೆ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ, ಅದಕ್ಕೆ ಅಂತರ ಎಷ್ಟು ಬಿಡಬೇಕೆಂದು ಕೇಳಿಕೊಳ್ಳಿ. ನಳಿಕೆ ಕಟ್ಟಿದರೆ ಉಗುರುಬೆಚ್ಚಗಿನ ನೀರು, ತಂತಿಯಂತೂ ಬೇಡವೇ ಬೇಡ. ನಳಿಕೆ ಈಚೆ ಬಂದರೆ ಮನೆಯಲ್ಲೇ ತುರುಕದೆ ಆಸ್ಪತ್ರೆಗೆ ಹೋಗಬೇಕು, ಶ್ವಾಸನಾಳಕ್ಕೆ ಹೋದ ನಳಿಕೆಯಲ್ಲಿ 200 ಮಿ.ಲೀ. ಹಾಲು ಬಿಟ್ಟರೆ ಆಗುವುದನ್ನು ಹೇಳಬೇಕಿಲ್ಲ.

ಬಾಯಲ್ಲಿ ತಿನ್ನಲು ಶುರುವಾದ ಮೇಲೆ

ನಳಿಕೆ ತೆಗೆದ ದಿನ ಎಲ್ಲರಿಗೂ ಖುಷಿ. ಆದರೆ ಅನೇಕರ ಪೋಷಣೆ ಕುಸಿಯುವುದು ಅಂದಿನಿಂದಲೇ. ಮೊದಲು ನುಂಗುವ ಪ್ರಶ್ನೆ. ವೆಂಟಿಲೇಟರಿನ ನಳಿಕೆ ಹಲವು ದಿನ ಇದ್ದವರ ಗಂಟಲು ಮರಗಟ್ಟಿರುತ್ತದೆ. ನೀರು, ತೆಳು ಗಂಜಿ, ಎಳನೀರು ಸುಲಭ ಎಂದು ನಮಗೆ ತೋರುತ್ತದೆ, ನಿಜದಲ್ಲಿ ತೆಳುವಾದದ್ದೇ ವೇಗವಾಗಿ ಜಾರಿ ಶ್ವಾಸನಾಳಕ್ಕೆ ಹೋಗುವುದು. ನುಂಗಿದ ಮೇಲೆ ಕೆಮ್ಮು, ದನಿ ಗೊರಗೊರ ಆಗುವುದು, ಸಂಜೆ ಜ್ವರ ಬಂದರೆ ನಿಲ್ಲಿಸಿ ತೋರಿಸಬೇಕು. ಗಟ್ಟಿ ಮೊಸರು, ಮೆತ್ತಗಿನ ರಾಗಿ ಸರಿ ಇಂಥವರಿಗೆ ಹೆಚ್ಚು ಸುರಕ್ಷಿತ.

ಇನ್ನು ಪಥ್ಯದ ಒಂದು ದಿನದ ಪ್ರೋಟೀನ್ ಲೆಕ್ಕ ನೋಡೋಣ. ಬೆಳಗ್ಗೆ ಎರಡು ಇಡ್ಲಿ 4 ಗ್ರಾಂ, ಹನ್ನೊಂದಕ್ಕೆ ಎಳನೀರು 1, ಮಧ್ಯಾಹ್ನ ಗಂಜಿ 2.5, ಸಂಜೆ ಹಾಲು-ಬಿಸ್ಕತ್ತು 5, ರಾತ್ರಿ ಅನ್ನ-ತಿಳಿಸಾರು 4. ಕೂಡಿದರೆ 16–17 ಗ್ರಾಂ ಪ್ರೋಟೀನ್. ಆರೋಗ್ಯವಂತ 60 ಕಿಲೋ ಮನುಷ್ಯನಿಗೇ ದಿನಕ್ಕೆ 50 ಗ್ರಾಂ ಬೇಕು, ಇವರಿಗೆ 75. ಹಿಟ್ಟಂ ತಿಂದವ ಬೆಟ್ಟಂ ಕಿತ್ತಿಟ್ಟಂ ಎಂಬ ಗಾದೆ ಹೊಲ ಉಳುವವನ ದೊಡ್ಡ ಮುದ್ದೆಗೆ, ಅದರ ಜೊತೆಯ ಕಾಳುಸಾರಿಗೆ ಸರಿ. ಕಾಯಿಲೆ ಬಿದ್ದವರು ಉಣ್ಣುವ ಅರ್ಧ ಮುದ್ದೆಯಲ್ಲಿ ಪ್ರೋಟೀನ್ ಮೂರೂವರೆ ಗ್ರಾಂ.

ಅದೇ ಅಡುಗೆಮನೆಯಲ್ಲಿ ಇದನ್ನು ಸರಿಮಾಡಬಹುದು. ಬೆಳಗ್ಗೆ ಮೂರು ಇಡ್ಲಿ, ಎರಡು ಮೊಟ್ಟೆ, ಒಂದು ಲೋಟ ಹಾಲು: 25 ಗ್ರಾಂ. ಮಧ್ಯಾಹ್ನ ಅರ್ಧ ಮುದ್ದೆಗೆ 40 ಗ್ರಾಂ ಬೇಳೆಯ ಗಟ್ಟಿ ಮಸ್ಸೊಪ್ಪು, ಒಂದು ಬಟ್ಟಲು ಮೊಸರು: 17. ಬಸ್ಸಾರು ಮಾಡಿದರೆ ಬಸಿದ ಕಟ್ಟಿನ ಸಾರನ್ನಷ್ಟೇ ರೋಗಿಗೆ ಬಡಿಸಿ ಪಲ್ಯದ ಬೇಳೆ-ಕಾಳನ್ನು ಉಳಿದವರು ತಿನ್ನುವ ರೂಢಿ ಇದೆ, ಅದನ್ನು ತಿರುವುಮುರುವು ಮಾಡಬೇಕು. ಸಂಜೆ ಹಾಲಿಗೆ 30 ಗ್ರಾಂ ಹುರಿಗಡಲೆ ಪುಡಿ: 13. ರಾತ್ರಿ ಅನ್ನ-ಬೇಳೆ 11, ಮಲಗುವಾಗ ಹಾಲಿಗೆ ಒಂದು ದೊಡ್ಡ ಚಮಚದಷ್ಟು ಹಾಲಿನ ಪುಡಿ: 11. ಒಟ್ಟು 77. ವಯಸ್ಸಾದವರ ಸ್ನಾಯು ಒಂದು ಹೊತ್ತಿಗೆ 25–30 ಗ್ರಾಂ ಸಿಕ್ಕಿದಾಗಲೇ ಚೆನ್ನಾಗಿ ಸ್ಪಂದಿಸುವುದು, ಹೀಗಾಗಿ ಒಂದು ಹೊತ್ತಾದರೂ ಗಟ್ಟಿಯಾಗಿರಲಿ. ಅಂಗಡಿಯ ಡಬ್ಬ ಕೊಳ್ಳುವವರು ಮುಂದಿನ ಚಿತ್ರ ಬಿಟ್ಟು ಹಿಂದಿನ ಪಟ್ಟಿ ಓದಲಿ. ಒಂದು ಚಮಚಕ್ಕೆ ಎಷ್ಟು ಗ್ರಾಂ ಪ್ರೋಟೀನ್, ಎಷ್ಟು ಸಕ್ಕರೆ ಎಂದು ನೋಡಿದರೆ ಹಾಲಿನ ಪುಡಿಯೇ ಲೇಸು ಅನ್ನಿಸುವ ಡಬ್ಬಗಳು ಬೇಕಾದಷ್ಟಿವೆ.

ಪ್ರೋಟೀನ್ ಸ್ನಾಯುವಾಗಬೇಕಾದರೆ ಆ ಸ್ನಾಯು ಕೆಲಸ ಮಾಡಬೇಕು. ಐಸಿಯುನಲ್ಲಿ ಎಚ್ಚರ ಬಂದಾಗಲೇ ಕೈಕಾಲು ಎತ್ತಿಸುವುದು, ಮಂಚದ ಅಂಚಿಗೆ ಕೂರಿಸುವುದು ಶುರುವಾಗಬೇಕು. ಅಲ್ಲಿಯೂ ಅತಿ ಸಲ್ಲದು. 750 ರೋಗಿಗಳ 2022ರ ಟೀಮ್ ಪ್ರಯೋಗದಲ್ಲಿ ವಾಡಿಕೆಗಿಂತ ಹೆಚ್ಚು ನಡೆದಾಡಿಸಿದ್ದರಿಂದ ಲಾಭ ಕಾಣಲಿಲ್ಲ, ತೊಂದರೆಗಳು ಹೆಚ್ಚಿದವು. ಮನೆಯಲ್ಲಿ ಸರಳವಾದದ್ದು ಕುರ್ಚಿಯಿಂದ ಎದ್ದು ಕೂರುವುದು: ಗೋಡೆಗೆ ಒರಗಿಸಿದ ಗಟ್ಟಿ ಕುರ್ಚಿ, ಒಂದು ಸಲಕ್ಕೆ ಐದು, ದಿನಕ್ಕೆ ಮೂರು ಬಾರಿ. ಆಗದಿದ್ದರೆ ದಿಂಬಿಟ್ಟು ಎತ್ತರ ಮಾಡಿ, ವಾರ ವಾರ ತಗ್ಗಿಸಿ. ಎದೆನೋವು, ತಲೆಸುತ್ತು, ಮಾತಾಡಲಾಗದಷ್ಟು ಏದುಸಿರು, ಆಕ್ಸಿಮೀಟರಿನಲ್ಲಿ 90ಕ್ಕಿಂತ ಕೆಳಗೆ ಬಂದರೆ ಅಲ್ಲಿಗೆ ನಿಲ್ಲಿಸಿ. ಕೈ ಊರದೆ ಐದು ಸಲ ಎದ್ದು ಕೂರಲು 15 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಸ್ನಾಯು ಇನ್ನೂ ಸೋತಿದೆ ಎಂದರ್ಥ.

ಅಳೆಯಲು ದರ್ಜಿಯ ಟೇಪು ಸಾಕು. ಕುರ್ಚಿಯಲ್ಲಿ ಕೂತು, ಪಾದ ನೆಲಕ್ಕೂರಿ, ಮೀನಖಂಡದ ಅತಿ ದಪ್ಪನೆಯ ಜಾಗದಲ್ಲಿ ಬಿಗಿಯದೆ ಸುತ್ತಬೇಕು. ಏಷ್ಯಾದವರಿಗೆ ಇಟ್ಟಿರುವ ಎಚ್ಚರಿಕೆಯ ಅಳತೆ ಗಂಡಸರಲ್ಲಿ 34 ಸೆಂ.ಮೀ., ಹೆಂಗಸರಲ್ಲಿ 33. ಹೆಬ್ಬೆರಳಿಂದ ಒತ್ತಿದಾಗ ಕುಳಿ ಬೀಳುವಷ್ಟು ಊತ ಇದ್ದರೆ ಈ ಅಳತೆ ನಂಬಬಾರದು. ವಾರಕ್ಕೊಮ್ಮೆ ಅದೇ ಕಾಲು, ಅದೇ ಹೊತ್ತು, ತೂಕದ ಜೊತೆ ಬರೆದಿಡಿ. ಲೆಕ್ಕದಂತೆ ತಿಂದು, ಎದ್ದು ಕೂತು ಮಾಡಿಯೂ ನಾಲ್ಕು ವಾರದಲ್ಲಿ ತೂಕವೂ ಟೇಪೂ ಮೇಲೇರದಿದ್ದರೆ ಆಹಾರ ಇನ್ನಷ್ಟು ಹೆಚ್ಚಿಸುತ್ತ ಕೂರದೆ ಆ ಚೀಟಿ ಹಿಡಿದು ಡಾಕ್ಟರ ಬಳಿ ಹೋಗಬೇಕು. ಒಳಗೆ ಉಳಿದ ಸೋಂಕು, ಕ್ಷಯ, ಹತೋಟಿ ತಪ್ಪಿದ ಶುಗರ್, ಥೈರಾಯ್ಡ್, ಯಾರಿಗೂ ಹೇಳದೆ ಒಳಗೇ ಇಟ್ಟುಕೊಂಡ ಖಿನ್ನತೆ, ಇವುಗಳಲ್ಲಿ ಯಾವುದಿದೆ ಎಂದು ನೋಡಬೇಕಾಗುತ್ತದೆ.